ಹನ್ನೆರಡು ಕನ್ಯಾನೊಣಗಳು

ಎಲ್ಲದಕ್ಕೂ ಮೂಲ ಟೈಪಿಸ್ಟ್ ಅಕ್ಕನ ಕರುಣೆ.

ಕಾಲೇಜಿನ ತಳಿಶಾಸ್ತ್ರ ವಿಭಾಗದ ಮೂಲೆಕೋಣೆಯಲ್ಲಿ, ಬಾಯಿಗೆ ಹತ್ತಿ ತುರುಕಿದ ಗಾಜಿನ ಸೀಸೆಯೊಳಗೆ ಹನ್ನೆರಡು ಕನ್ಯೆಯರಿದ್ದರು. ಏಳು ಸಮುದ್ರದಾಚೆಯ ರಾಜಕುಮಾರಿಯರಲ್ಲ. ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಗಳು. ಬೆಳಿಗ್ಗೆ ಕೋಶ ಒಡೆದು ಹೊರಬಂದ ಕೂಡಲೇ ಇವರನ್ನು ಗಂಡುನೊಣಗಳ ಕಣ್ಣಿಗೆ ಬೀಳದಂತೆ ಬೇರ್ಪಡಿಸಿ ಕಾಯುವುದು ಪ್ರಯೋಗಾಲಯದ ಸಹಾಯಕನ ಕೆಲಸ. ಐದು ವರ್ಷ ಅದನ್ನೇ ಮಾಡಿ ಅವನಿಗೆ ನೊಣರಾಯ ಎಂಬ ಹೆಸರು ಅಂಟಿಕೊಂಡಿತ್ತು. ಕಟ್ಟಿಕೊಂಡ ಹೆಂಡತಿಯೂ ಹಾಗೇ ಕರೆಯತೊಡಗಿದ್ದಳು.

ಇವತ್ತು ಬಿಡುಗಡೆ. ನಾಲ್ಕು ಗಂಟೆಗೆ ಪ್ರೊಫೆಸರು ಬಂದು ಈ ಕೆಂಪುಕಣ್ಣಿನ ಕನ್ಯೆಯರನ್ನು ಬಿಳಿಕಣ್ಣಿನ ಗಂಡುಗಳ ಜೊತೆ ಸಂಕರಣಕ್ಕೆ ಬಿಟ್ಟರೆಂದರೆ, ಅವನನ್ನು ಬಟಾಣಿ ವಿಭಾಗಕ್ಕೆ ವರ್ಗ ಮಾಡುವ ಕಾಗದಕ್ಕೆ ಸಹಿ. ಬಟಾಣಿ ಗಿಡ ಹಾರುವುದಿಲ್ಲ. ಮೂಗಿನೊಳಗೂ ನುಗ್ಗುವುದಿಲ್ಲ.

ಊಟ ಮುಗಿಸಿ ಬಂದರೆ, ಸೀಸೆಯೆದುರು ಟೈಪಿಸ್ಟ್ ಅಕ್ಕ ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಕಾಲೇಜಿನಲ್ಲಿ ಅವಳ ಕಣ್ಣಿಗೆ ಬಿದ್ದ ಯಾವ ಬ್ರಹ್ಮಚಾರಿಯೂ ಮದುವೆಯಾಗದೆ ಉಳಿದಿರಲಿಲ್ಲ.

“ಪಾಪ ಕಣೋ, ಹೆಣ್ಣುಮಕ್ಕಳು. ಎಷ್ಟು ಹೊತ್ತು ಅಂತ ಒಂಟಿಯಾಗಿರ್ತಾವೆ? ಅದಕ್ಕೇ ಪಕ್ಕದ ಸೀಸೆಯಿಂದ ನಾಲ್ಕು ಜನ ಒಳ್ಳೇ ಹುಡುಗರನ್ನ ಒಳಗೆ ಬಿಟ್ಟೆ.”

ನೊಣರಾಯ ಸೀಸೆಯತ್ತ ಧಾವಿಸಿದ. “ಅಕ್ಕಾ, ಆ ಗಂಡುಗಳೂ ಕೆಂಪುಕಣ್ಣಿನವು. ನಾಳೆ ಹುಟ್ಟೋ ಮರಿಗಳ ಕಣ್ಣಿನ ಬಣ್ಣ ಯಾವ ಅಪ್ಪಂದು ಅಂತ ಹೇಗೆ ಹೇಳೋದು?”

“ಅದನ್ನೆಲ್ಲ ಕೇಳಬಾರದು ಕಣೋ.”

ಆ ನಾಲ್ವರನ್ನು ಹೊರಹಾಕುವ ಅವಸರದಲ್ಲಿ ನೊಣರಾಯ ಹತ್ತಿ ಕಿತ್ತ. ಮೊದಲು ಔಷಧಿಯ ಆವಿ ಹಿಡಿದು ನಿದ್ದೆ ಬರಿಸಬೇಕಿತ್ತು, ಮರೆತ. ಬಸ್ಸು ಬಂತೆಂದ ಕೂಡಲೇ ಏಳುವ ದಿಬ್ಬಣದಂತೆ ಹದಿನಾರೂ ಕಿಟಕಿಯಿಂದ ಹೊರಟುಹೋದವು.

ಗಂಟೆ ಮೂರು.

“ಕ್ಯಾಂಟೀನಲ್ಲಿ ಬೇಕಾದಷ್ಟಿವೆ, ನಡಿ,” ಎಂದು ಅಕ್ಕ ಕಚೇರಿಯ ಗೋಂದಿನ ಬಾಟಲಿ ಎತ್ತಿಕೊಂಡಳು.

ಬಾಳೆಹಣ್ಣಿನ ಬುಟ್ಟಿಯ ಮೇಲೆ ಇಬ್ಬರೂ ಗೋಂದು ಬಳಿದ ಕಾಗದ ಬೀಸತೊಡಗಿದ್ದು ನೋಡಿ ಕ್ಯಾಂಟೀನಿನವನಿಗೆ ರೇಗಿತು. “ಗಿರಾಕಿಗಳ ಮುಂದೆ ಮಾನ ಕಳೀತೀರಾ? ನನ್ನ ಕ್ಯಾಂಟೀನಲ್ಲಿ ಒಂದೇ ಒಂದು ನೊಣ ಇದ್ರೆ ಹೇಳಿ.”

ನೊಣ ಅವನ ಮೂಗಿನ ಮೇಲೇ ಕೂತಿತ್ತು. ನೊಣರಾಯ ಮುಖ ಹತ್ತಿರ ಒಯ್ದು ದಿಟ್ಟಿಸಿದ. ಗಂಡಾದರೆ ಬೆನ್ನ ತುದಿ ಕಪ್ಪಿರುತ್ತದೆ.

“ಇದು ಹೆಣ್ಣು. ಅಲ್ಲಾಡಬೇಡಿ,” ಎಂದವನೇ ಮೂಗಿಗೆ ಕಾಗದ ಅಂಟಿಸಿದ.

ಬೈಗುಳದ ಜೊತೆ ಹನ್ನೆರಡು ನೊಣಗಳೂ ಸಿಕ್ಕವು. ಒದ್ದೆ ಕುಂಚದಿಂದ ಒಂದೊಂದನ್ನೇ ಬಿಡಿಸಿ ಸೀಸೆಗೆ ಹಾಕುತ್ತ ನೊಣರಾಯ ಕೇಳಿದ. “ಇವು ಕನ್ಯೆಯರೇ ಅಂತ ಏನು ಗ್ಯಾರಂಟಿ ಅಕ್ಕಾ?”

“ಮುಖ ನೋಡಿದ್ರೆ ಗೊತ್ತಾಗಲ್ವಾ? ಮರ್ಯಾದಸ್ಥರ ಮನೆಯವು.”

ನಾಲ್ಕಕ್ಕೆ ಸರಿಯಾಗಿ ಪ್ರೊಫೆಸರು ಬಂದು ಸೂಕ್ಷ್ಮದರ್ಶಕದ ಮೇಲೆ ಬಾಗಿದರು. ಬಾಗಿದವರು ಏಳಲಿಲ್ಲ.

“ಇಲ್ಲಿ ನೋಡಯ್ಯ.” ಪ್ರೊಫೆಸರ ದನಿ ಗದ್ಗದವಾಗಿತ್ತು. “ಈ ನೊಣದ ಎರಡು ರೆಕ್ಕೆಯೂ ಒಂದೇ ಕಡೆ. ಮೂವತ್ತು ವರ್ಷದಲ್ಲಿ ಇಂಥದ್ದು ಕಂಡಿಲ್ಲ. ವಂಶವಾಹಿಯಲ್ಲೇ ಬದಲಾವಣೆ ಆಗಿದೆ ಕಣಯ್ಯ. ಹೊಸ ಉತ್ಪರಿವರ್ತನೆ.”

ಗೋಂದು, ಎನ್ನಲು ನೊಣರಾಯ ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದಳು. ನಿಜ ಹೇಳಿದರೆ ಬಟಾಣಿ ಹಾಗಿರಲಿ, ಕೆಲಸವೇ ಉಳಿಯುತ್ತಿರಲಿಲ್ಲ.

“ಸಾರ್, ನನ್ನ ವರ್ಗದ ಕಾಗದ...”

“ಯಾವ ವರ್ಗ? ಇಷ್ಟು ಚೂಟಿಯಾಗಿ ನೊಣ ಆರಿಸೋನನ್ನ ಬಟಾಣಿ ಬಿಡಿಸೋಕೆ ಕಳಿಸ್ತಾರೇನಯ್ಯ?” ಪ್ರೊಫೆಸರು ಆ ಕಾಗದವನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲ ಕೆಳಗಿಟ್ಟರು. “ಈ ರೆಕ್ಕೆ ಇದರ ಸಂತತಿಯಲ್ಲಿ ಕಾಣೋವರೆಗೂ ನೀನು ಈ ಕೋಣೆ ಬಿಡೋ ಹಾಗಿಲ್ಲ.”

“ಮಕ್ಕಳಲ್ಲಿ ಕಾಣದಿದ್ರೆ, ಸಾರ್?”

“ದುರ್ಬಲ ಗುಣ ಅಂತ ಅರ್ಥ. ಒಳಗೆ ಅಡಗಿರುತ್ತೆ. ಮೊಮ್ಮಕ್ಕಳಲ್ಲಿ ನೋಡು.”

“ಮೊಮ್ಮಕ್ಕಳಲ್ಲೂ ಕಾಣದಿದ್ರೆ?”

“ಇನ್ನೂ ಅಡಗಿದೆ ಅಂತ ಅರ್ಥ. ಮರಿಮಕ್ಕಳಲ್ಲಿ ನೋಡು. ಅಡಗಿದ್ದು ಎಲ್ಲಿಗೆ ಹೋಗುತ್ತೆ? ಕಾಯಬೇಕು.”

ನೊಣಕ್ಕೆ ಒಂದು ಪೀಳಿಗೆ ಎಂದರೆ ಹತ್ತು ದಿನ. ನೊಣರಾಯ ಮೂಲೆಯ ಸ್ಟೂಲಿನ ಮೇಲೆ ಕುಸಿದು ಕೂತು, ತಾನು ನಿವೃತ್ತನಾಗುವುದು ಎಷ್ಟನೆಯ ಮರಿಮಗಳ ಕಾಲಕ್ಕೆ ಎಂದು ಬೆರಳು ಮಡಚಿ ಎಣಿಸತೊಡಗಿದ.