ಹೇಳದೆ ಕೇಳದೆ ಇಪ್ಪತ್ತು ವರ್ಷ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕೋಟಿನ ಗುಂಡಿ. ಭಾನುವಾರ ಬೆಳಿಗ್ಗೆ ವಕೀಲರು ಕರಿಕೋಟು ಹಿಡಿದುಕೊಂಡು ಟೈಲರ್ ಅಂಗಡಿಗೆ ಬಂದರು. "ಮಧ್ಯದ ಗುಂಡಿ ಕಿತ್ತು ಹೋಗಿದೆ, ಈಗ್ಲೇ ಹಾಕಿಕೊಡಿ" ಅಂದರು. ಟೈಲರು "ಕೋಟು ತಗೋಬಹುದಾ ಸಾರ್?" ಅಂತ ಕೇಳಿ ತಗೊಂಡರು. "ಕಪ್ಪು ದಾರ ಹಾಕ್ಲಾ ಸಾರ್?" ಅಂತ ಕೇಳಿ ಸೂಜಿ ಪೋಣಿಸಿದರು. ಈ ಮನುಷ್ಯ ಹಾಗೇ. ಕೇಳದೆ ಒಂದು ಕಡ್ಡಿ ಎತ್ತಿದವರಲ್ಲ. "ನಮ್ಮನೆಯವರು ಹುಟ್ಟೋವಾಗ್ಲೂ ಅತ್ತೆಯವರನ್ನ 'ಹೊರಗೆ ಬರ್ಲಾ?' ಅಂತ ಕೇಳ್ಕೊಂಡೇ ಹುಟ್ಟಿರ್ಬೇಕು" ಅಂತ ಅವರ ಹೆಂಡತಿ ಟೈಲರಮ್ಮ ಕಂಡಕಂಡವರ ಹತ್ತಿರ ಹೇಳುತ್ತಿದ್ದರು.

ಗುಂಡಿ ಹಾಕುವಷ್ಟು ಹೊತ್ತು ಬಾಯಿ ಮುಚ್ಚಿ ಕೂರುವುದು ವಕೀಲರ ಜಾಯಮಾನವಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಬಟ್ಟೆಯೊಂದು ನೇತಾಡುತ್ತಿತ್ತು.

"ಇದ್ಯಾರ ಅಂಗೀರೀ? ತೋಳೇ ಇಲ್ಲ!"

"ಅಂಗಿ ಅಲ್ಲ ಸಾರ್, ಮನೆ" ಅಂದರು ಟೈಲರು ನಾಚಿಕೊಂಡು. "ಆ ಮೂಲೆ ಅಡುಗೆಮನೆ. ನಮ್ಮನೆಯವಳು ಬರೆದಿರೋದು."

ಕತೆ ಹೊರಗೆ ಬಂತು. ಊರಾಚೆ ಟೈಲರದೊಂದು ಅರ್ಧ ಎಕರೆ ಜಮೀನಿದೆ. ಇಪ್ಪತ್ತು ವರ್ಷದ ಹಿಂದೆ ಕೊಂಡಾಗ ರಸ್ತೆಯ ಕಡೆ ಬೇಲಿಯಿಲ್ಲದ ಬಯಲು, ಎಲ್ಲಿಂದ ನಡೆದರೂ ದಾರಿಯೇ. ಪತ್ರದಲ್ಲಿ ದಾರಿ ಬರೆದಿದೆಯಾ ಅಂತ ನೋಡುವ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಎಡಕ್ಕೆ ಕಾಲುವೆ, ಬಲಕ್ಕೆ ಬಂಡೆ, ಹಿಂದೆ ಹಾಲಿನಕ್ಕನ ಮನೆ ಮತ್ತು ಕೊಟ್ಟಿಗೆ. ಮುಂದೆ, ರಸ್ತೆಗೂ ಇವರ ಜಮೀನಿಗೂ ನಡುವೆ, ಈಗ ಬೇಲಿ ಗೇಟು ಸಮೇತ ಒಬ್ಬ ಯಜಮಾನರ ತರಕಾರಿ ತೋಟ. ಅವರ ಮಾತು ಎಷ್ಟು ಸಿಹಿಯೆಂದರೆ ಜನ ಅವರನ್ನು ಸಕ್ಕರೆ ಯಜಮಾನರು ಅಂತಲೇ ಕರೆಯುತ್ತಿದ್ದರು. "ನಡ್ಕೊಂಡು ಹೋಗೋಕೆ ಯಾರು ಬೇಡ ಅಂದ್ರು ಟೈಲರೇ? ಧಾರಾಳವಾಗಿ ಹೋಗಿ. ಇಟ್ಟಿಗೆ ಗಾಡಿ ಮಾತ್ರ ಬೇಡ" ಅನ್ನುವರು. ಇಟ್ಟಿಗೆ ಗಾಡಿ ಹೋಗದೆ ಮನೆ ಕಟ್ಟುವುದು ಹೇಗೆ? ಜೇಬಿನಲ್ಲಿ ಒಂದೊಂದೇ ಇಟ್ಟಿಗೆ ಇಟ್ಟುಕೊಂಡು ಹೋಗಬೇಕೇ?

ಹೀಗಾಗಿ ಗಂಡಹೆಂಡತಿ ರಜೆಯ ದಿನ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುವರು, ತಮ್ಮ ಜಮೀನಿನ ಒಂಟಿ ಮರದ ಕೆಳಗೆ ಕೂತು ಉಣ್ಣುವರು, ಸಂಜೆ ಬಾಡಿಗೆ ಮನೆಗೆ ವಾಪಸ್ಸು. ಟೈಲರಮ್ಮ ಇದುವರೆಗೆ ಏಳು ಬಾಡಿಗೆ ಮನೆ ಬದಲಾಯಿಸಿದ್ದರು. ಏಳರಲ್ಲೂ ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೆ ಇನ್ಯಾರದೋ ಗೋಡೆ. ಒಂದು ಮೊಳೆ ಹೊಡೆಯಬೇಕಾದರೂ ಓನರ ಅಪ್ಪಣೆ ಬೇಕು. ಬಟ್ಟೆಯ ಮೇಲೆ ಮೊದಮೊದಲು ನಾಲ್ಕು ಕೋಣೆ ಬರೆದಿದ್ದರು. ಬಟ್ಟೆ ಒಗೆದಾಗಲೆಲ್ಲ ಮನೆ ಅಳಿಸಿ ಹೋಗುವುದು, ಮತ್ತೆ ಬರೆಯುವಾಗ ಒಂದು ಕೋಣೆ ಕಡಿಮೆ. ಈಗ ಉಳಿದಿರುವುದು ಒಂದು ಕೋಣೆ, ಒಂದು ಅಡುಗೆಮನೆ. "ಬೆಳಗಿನ ಬಿಸಿಲು ಒಲೆ ಮೇಲೆ ಬೀಳ್ಬೇಕು ಕಣ್ರೀ, ಇನ್ನೇನೂ ಬೇಡ" ಅನ್ನುವರು. ಹೆಂಡತಿ ಹಾಗೆ ಅಂದಾಗಲೆಲ್ಲ ಟೈಲರು ಸೀಮೆಸುಣ್ಣ ತಗೊಂಡು ಒಲೆಯ ಗುರುತನ್ನು ಇನ್ನೊಮ್ಮೆ ತಿದ್ದುವರು.

"ಎಷ್ಟು ವರ್ಷದಿಂದ ಆ ತೋಟದೊಳಗೆ ಓಡಾಡ್ತಿದ್ದೀರಿ?" ವಕೀಲರು ಕೇಳಿದರು.

"ಇಪ್ಪತ್ತು ತುಂಬ್ತು ಸಾರ್."

"ಭೇಷ್! ಹೇಳದೆ ಕೇಳದೆ, ಎಲ್ಲರ ಕಣ್ಣೆದುರಿಗೆ ಇಪ್ಪತ್ತು ವರ್ಷ ಓಡಾಡಿದ್ರೆ ಆ ದಾರಿ ನಿಮ್ಮ ಹಕ್ಕು. ಗಾಡಿ ವಿಷಯ ಆಮೇಲೆ ನಾನು ನೋಡ್ಕೋತೀನಿ."

ಟೈಲರ ಸೂಜಿ ನಿಂತಿತು. "ಹೇಳದೆ ಕೇಳದೆ ಅಂದ್ರೆ ಸಾರ್?"

"ಅಂದ್ರೆ, ಯಾರ ಅಪ್ಪಣೇನೂ ಕೇಳದೆ."

"ಅಯ್ಯೋ! ನಾನು ಪ್ರತಿ ಸಲಾನೂ ಕೇಳ್ಕೊಂಡೇ ಹೋಗಿದ್ದೀನಲ್ಲ!"

"ಪ್ರತಿ ಸಲಾನೂ?"

"ವಾಪಸ್ ಬರೋವಾಗ್ಲೂ ಕೇಳ್ತೀನಿ."

ವಕೀಲರು ಹಣೆ ಹಣೆ ಚಚ್ಚಿಕೊಂಡರು. "ಕೇಳಿ ಕೆಟ್ರಲ್ಲ ಮಾರಾಯ್ರೆ! ಕೇಳ್ಕೊಂಡು ಹೋದ್ರೆ ಅದು ಅವರ ದಯೆ. ಕೇಳದೆ ನುಗ್ಗಿದ್ರೆ ನಿಮ್ಮ ಹಕ್ಕು." ಸ್ವಲ್ಪ ಹೊತ್ತು ಮೀಸೆ ತಿರುವಿ ಒಂದು ಉಪಾಯ ಹೇಳಿದರು. "ಯಜಮಾನರಿಗೆ ಸಿಟ್ಟು ಬರಿಸಿ. ಸಿಟ್ಟು ಬಂದ ಮನುಷ್ಯ ಹಿಂದಿನದೆಲ್ಲ ಮರೀತಾನೆ, ಇಲ್ಲದ್ದೆಲ್ಲ ಆಡ್ತಾನೆ. ನಾಲ್ಕು ಜನರ ಮುಂದೆ ಅವರ ಬಾಯಿಂದಲೇ 'ಇಷ್ಟು ವರ್ಷ ನನ್ನನ್ನ ಒಂದು ಮಾತೂ ಕೇಳದೆ ಓಡಾಡಿದ್ದೀಯ' ಅಂತ ಬಂದ್ರೆ ಸಾಕು. ನಾನು ಬೇಲಿ ಹತ್ರ ನಿಂತು ಬರ್ಕೋತೀನಿ."

"ಅದು ಮೋಸ ಅಲ್ವಾ ಸಾರ್?" ಅಂದರು ಟೈಲರು. ಪರದೆಯ ಹಿಂದಿನಿಂದ ಟೈಲರಮ್ಮನ ದನಿ ಬಂತು: "ರೀ, ಸುಮ್ನೆ ನಡೀರಿ. ನಾನೂ ಬರ್ತೀನಿ. ಒಂದು ದಿನ ಒರಟಾಗಿದ್ರೆ ನೀವೇನು ಸವೆದು ಹೋಗಲ್ಲ."

ಸಂಜೆ ನಾಲ್ಕು ಗಂಟೆಗೆ ಮೂವರೂ ಬಸ್ಸಿಳಿದರು. ಸಕ್ಕರೆ ಯಜಮಾನರು ಮೆಣಸಿನ ಸಸಿಗೆ ನೀರು ಹಾಕುತ್ತಿದ್ದರು. ಪಕ್ಕದ ತೋಟದ ನಿವೃತ್ತ ಕಾಂಪೌಂಡರು ಬೇಲಿಗೆ ಒರಗಿ ಮಾತಿಗೆ ನಿಂತಿದ್ದರು. ಸಾಕ್ಷಿ ತಾನಾಗಿಯೇ ಸಿಕ್ಕಿತು ಅಂತ ವಕೀಲರು ಹಿಗ್ಗಿ, ಬದನೆಕಾಯಿ ನೋಡುವವರ ಹಾಗೆ ಬೇಲಿಯಾಚೆ ನಿಂತು ಪೆನ್ಸಿಲ್ ತೆಗೆದರು.

ಟೈಲರು ಕಣ್ಣು ಮುಚ್ಚಿ ಗೇಟಿಗೆ ಒದ್ದರು. ತುಕ್ಕು ಹಿಡಿದ ಕೀಲು ಕಳಚಿ ಗೇಟು ಅವರ ಕಾಲ ಮೇಲೇ ಬಿತ್ತು.

"ಅಯ್ಯಯ್ಯೋ, ಪೆಟ್ಟಾಯ್ತಾ ಟೈಲರೇ?" ಯಜಮಾನರು ಕೊಡ ಬಿಸಾಕಿ ಓಡಿ ಬಂದರು. "ನನ್ನದೇ ತಪ್ಪು. ಕೀಲು ಬದಲಾಯಿಸ್ಬೇಕಿತ್ತು. ಕೂತ್ಕೊಳ್ಳಿ, ನೀರು ಕುಡೀರಿ."

"ನಿಮ್ಮ ನೀರು ಯಾರಿಗೆ ಬೇಕು!" ಅಂದರು ಟೈಲರು. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ಲೋಟ ತೆಗೆದುಕೊಂಡಿತ್ತು. ಕುಡಿದು ಮುಗಿಸಿ, ಲೋಟವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, "ನೀವೊಬ್ಬ ಮಹಾ ಕಪಟಿ!" ಅಂತ ಕೂಗಿದರು. ಕೂಗಿದ ಮೇಲೆ ಮನಸ್ಸು ತಡೆಯದೆ "ತಪ್ಪು ತಿಳ್ಕೋಬೇಡಿ" ಅಂತ ಸೇರಿಸಿದರು. ಟೈಲರಮ್ಮ ಹಿಂದಿನಿಂದ ಚಿವುಟಿದರು.

ಕಾಂಪೌಂಡರು ಬೇಲಿ ದಾಟಿ ಬಂದು ನಾಡಿ ಹಿಡಿದರು. "ಬಿಸಿಲು ತಲೆಗೇರಿದೆ. ನಾಲಿಗೆ ತೋರಿಸಿ" ಅಂದರು. ಟೈಲರು "ಪೂರ್ತಿ ತೋರಿಸ್ಲಾ?" ಅಂತ ಕೇಳಿ ತೋರಿಸಿದರು. ನೆತ್ತಿಯ ಮೇಲೆ ಒಂದು ಒದ್ದೆ ಬಟ್ಟೆ ಬಿತ್ತು. ಆ ಒದ್ದೆ ಬಟ್ಟೆಯ ಸಮೇತ ಅವರು ಮೆಣಸಿನ ಪಾತಿಗೆ ನುಗ್ಗಿದರು. ನುಗ್ಗಿದರೇನು ಬಂತು, ಸಸಿಗೆ ನೋವಾದೀತೆಂದು ಸಂದಿ ನೋಡಿ ನೋಡಿ ಕಾಲಿಟ್ಟರು. ಅಂತೂ ಕೊನೆಗೆ ಒಂದು ಬಡಕಲು ಸಸಿ ಕಾಲಿಗೆ ಸಿಕ್ಕಿ ಮುರಿಯಿತು.

"ತುಳೀರಿ, ಟೈಲರೇ, ತುಳೀರಿ. ನಿಮಗಿಂತ ಗಿಡ ಹೆಚ್ಚಾ?" ಅಂದರು ಯಜಮಾನರು. ಕಿವಿ ಮಾತ್ರ ಕೆಂಪಗಾಗಿತ್ತು. ಸಿಟ್ಟನ್ನೆಲ್ಲ ಗುಳಿಗೆಯ ಹಾಗೆ ನುಂಗುತ್ತಿದ್ದರು. "ಕಾಂಪೌಂಡರೇ, ನೀವೇ ಹೇಳಿ, ಇಂಥಾ ಮರ್ಯಾದಸ್ಥರನ್ನ ಎಲ್ಲಾದ್ರೂ ನೋಡಿದ್ದೀರಾ? ಇಪ್ಪತ್ತು ವರ್ಷದಲ್ಲಿ ಒಂದು ದಿನವಾದ್ರೂ ನನ್ನನ್ನ ಕೇಳದೆ ಈ ತೋಟದೊಳಗೆ ಕಾಲಿಟ್ಟವರಲ್ಲ!"

"ನಾನೇ ಸಾಕ್ಷಿ" ಅಂದರು ಕಾಂಪೌಂಡರು ಎದೆ ತಟ್ಟಿ. ಬೇಲಿಯಾಚೆ ಪೆನ್ಸಿಲ್ ಲಟಕ್ಕನೆ ಮುರಿದ ಸದ್ದು ಕೇಳಿತು.

ಟೈಲರು ಪಾತಿಯ ಅಂಚಿನಲ್ಲೇ ಕುಸಿದು ಕೂತರು. ಇನ್ನು ನಟನೆ ಸಾಧ್ಯವಿರಲಿಲ್ಲ.

"ಯಜಮಾನರೇ, ನನಗೆ ಬೈಯೋಕೆ ಬರಲ್ಲ. ನನಗೆ ಬೇಕಾಗಿರೋದು ಒಂದೇ ಒಂದು ಅಡುಗೆಮನೆ. ಇವಳು ಏಳು ಮನೇಲಿ ಬೇರೆಯವರ ಗೋಡೆ ನೋಡ್ಕೊಂಡು ಅಡುಗೆ ಮಾಡಿದ್ದಾಳೆ. ಇವಳ ಕೂದಲು ಬೆಳ್ಳಗಾಯ್ತು, ನನ್ನ ಕಣ್ಣಿಗೆ ಸೂಜಿ ಕಾಣ್ತಿಲ್ಲ. ನಮ್ಮದು ಅಂತ ಒಂದು ಬಾಗಿಲನ್ನ ಒಳಗಿನಿಂದ ಹಾಕ್ಕೊಂಡು ಒಂದು ರಾತ್ರಿ ಮಲಗ್ಬೇಕು ಅಂತ ಆಸೆ. ನಾಲ್ಕು ಗಾಡಿ ಇಟ್ಟಿಗೆ ಬಿಡಿ, ಸಾಕು."

ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಕಾಂಪೌಂಡರು ಮೂಗು ಒರೆಸಿಕೊಂಡರು. ಯಜಮಾನರ ಕಣ್ಣಲ್ಲೂ ನಿಜವಾದ ನೀರು ಬಂತು. ಅವರು ಟೈಲರ ಭುಜದ ಮೇಲೆ ಕೈಯಿಟ್ಟರು.

"ಟೈಲರೇ, ಇಷ್ಟು ದಿನ ನೀವು ಹೀಗೆ ಬಾಯಿ ಬಿಟ್ಟು ಹೇಳಿದ್ರೆ..." ಅಂದರು. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಎಮ್ಮೆಗಳು ಬಂದವು. ಆರು ಎಮ್ಮೆ, ಹಿಂದೆ ಕೋಲು ಹಿಡಿದ ಹಾಲಿನಕ್ಕ. ಮೇಯಿಸಿಕೊಂಡು ಬಂದು ಪ್ರತಿ ಸಂಜೆ ಈ ತೋಟದೊಳಗೇ ಹಾದು, ಟೈಲರ ಜಮೀನು ದಾಟಿ, ತನ್ನ ಕೊಟ್ಟಿಗೆ ಸೇರುವುದು ಅವಳ ರೂಢಿ. ಅವಳ ಬಾಯಿಗೆ ಹೆದರಿಯೇ ಯಜಮಾನರು ಗೇಟಿಗೆ ಬೀಗ ಹಾಕಿರಲಿಲ್ಲ. ಇವತ್ತು ಗೇಟು ಬಿದ್ದಿದ್ದರಿಂದ ಎಮ್ಮೆಗಳು ದಿನದ ಜಾಡು ತಪ್ಪಿ ನೇರ ಮೆಣಸಿನ ಪಾತಿಗೆ ನುಗ್ಗಿದವು. ನಲವತ್ತು ಸಸಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸಾಫ್ ಆದವು.

"ಏನಣ್ಣಾ, ದಾರಿಗೆ ಅಡ್ಡ ಕೂತು ಅಳ್ತಿದ್ದೀರಿ ಎಲ್ಲರೂ? ಸರೀರಿ, ಹಾಲು ಕರೆಯೋ ಹೊತ್ತಾಯ್ತು" ಅಂದಳು ಹಾಲಿನಕ್ಕ.

ಆಗಿನಿಂದ ನುಂಗಿದ ಗುಳಿಗೆಗಳೆಲ್ಲ ಯಜಮಾನರೊಳಗೆ ಒಟ್ಟಿಗೇ ಕರಗಿದವು. ಆ ದನಿ ಆ ಸಕ್ಕರೆ ಬಾಯಿಯದೆಂದು ಯಾರೂ ನಂಬುವ ಹಾಗಿರಲಿಲ್ಲ.

"ಇದೇನು ನಿಮ್ಮಪ್ಪನ ದಾರೀನಾ? ಇಪ್ಪತ್ತೈದು ವರ್ಷ ಆಯ್ತು! ಒಂದು ದಿನ, ಒಂದೇ ಒಂದು ದಿನ ನನ್ನನ್ನ ಕೇಳಿದ್ದೀಯಾ? ಎಮ್ಮೆ ಹೊಡೀತೀಯ, ಹುಲ್ಲಿನ ಗಾಡಿ ಹೊಡೀತೀಯ! ಪಾಪ, ಈ ಟೈಲರ ಜಮೀನಿನ ನಟ್ಟನಡುವೆ ಹೊಡೀತೀಯಲ್ಲ, ಅವರನ್ನಾದ್ರೂ ಒಂದು ಮಾತು ಕೇಳಿದ್ದೀಯಾ?"

"ನಾನ್ಯಾಕೆ ಕೇಳ್ಲಿ? ಈ ಊರಿಗೆ ಸೊಸೆಯಾಗಿ ಬಂದಾಗಿಂದ ಹೀಗೇ ಓಡಾಡ್ತಿದ್ದೀನಿ. ಇನ್ನು ಮುಂದೂ ಕೇಳಲ್ಲ!"

"ಕೇಳಿದ್ರಲ್ಲ ಕಾಂಪೌಂಡರೇ?"

"ನಾನೇ ಸಾಕ್ಷಿ" ಅಂದರು ಕಾಂಪೌಂಡರು.

ಬೇಲಿಯಾಚೆಯಿಂದ ವಕೀಲರು ಚಿಗರೆ ಹಾಗೆ ಹಾರಿ ಬಂದರು. ಕಿವಿಯ ಸಂದಿಯಲ್ಲಿ ಇನ್ನೊಂದು ಪೆನ್ಸಿಲ್ ಇತ್ತು. "ಅಮ್ಮಾ, ಒಂದು ನಿಮಿಷ ಈ ಕಡೆ ಬನ್ನಿ."

"ಸಾರ್, ನಾನು ಈ ಕಡೆ ಇದ್ದೀನಿ" ಅಂದರು ಟೈಲರು.

"ನಿಮ್ಮ ಕೇಸು ಆಗ್ಲೇ ಸತ್ತು ಹೋಯ್ತು ಟೈಲರೇ. ಇದು ಬದುಕಿರೋ ಕೇಸು."

ಹತ್ತು ನಿಮಿಷದಲ್ಲಿ ಹಾಲಿನಕ್ಕ ವಕೀಲರ ಕಕ್ಷಿಯಾದಳು. ಅಲ್ಲಿಂದ ಎಲ್ಲರೂ ಟೈಲರ ಜಮೀನಿಗೆ ನಡೆದರು. ವಕೀಲರು ಹೆಜ್ಜೆಯಲ್ಲೇ ಅಳೆದು, ಗಾಡಿಯ ಜಾಡಿನ ಎರಡೂ ಬದಿಗೆ ಕಲ್ಲಿಟ್ಟರು. ಹತ್ತಡಿ ಅಗಲದ ದಾರಿ. ಅದರ ಮೇಲೆ ಯಾರೂ ಏನನ್ನೂ ಕಟ್ಟುವ ಹಾಗಿಲ್ಲ.

"ಹೋಗ್ಲಿ ಬಿಡಿ ಸಾರ್" ಅಂದರು ಟೈಲರು, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ. "ಅಂತೂ ರಸ್ತೆಯಿಂದ ಇಲ್ಲೀತನಕ ಗಾಡಿ ದಾರಿ ಆಯ್ತಲ್ಲ. ನಮ್ಮ ಇಟ್ಟಿಗೆ ಅದರಲ್ಲೇ ತರ್ತೀವಿ."

"ನೀವು ಹ್ಯಾಗೆ ತರ್ತೀರಿ? ಅದು ಈಯಮ್ಮನ ಜಮೀನಿಗೆ ಸೇರಿದ ಹಕ್ಕು. ನಿಮ್ಮ ನೆಲದ ಮೇಲೆ ಹೋಗುತ್ತೆ, ಅಷ್ಟೇ."

ಟೈಲರು ಯಜಮಾನರ ಮುಖ ನೋಡಿದರು. ಸಕ್ಕರೆ ಮರಳಿ ಬಂದಿತ್ತು, ಆದರೆ ಗಟ್ಟಿಯಾಗಿ. "ತಪ್ಪು ತಿಳೀಬೇಡಿ ಟೈಲರೇ. ಕಾನೂನು ಹೀಗಿದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಇನ್ನು ನನ್ನ ತೋಟದಲ್ಲಿ ಒಂದು ಸೂಜೀನೂ ಬಿಡಲ್ಲ. ನಡ್ಕೊಂಡು ಹೋಗೋದಿದ್ರೂ ಪ್ರತಿ ಸಲ ಕಾಗದದಲ್ಲಿ ಬರೆದು ಕೇಳಿ."

ವಕೀಲರು ಕಾಗದ ಚಾಚಿದರು. ಹಾಲಿನಕ್ಕ ಇಷ್ಟು ವರ್ಷ ಯಾರನ್ನೂ ಕೇಳದೆ ಓಡಾಡಿದ್ದಾಳೆ ಅನ್ನುವುದಕ್ಕೆ ಸಾಕ್ಷಿ ಬೇಕಿತ್ತು. "ನೀವು ಕಣ್ಣಾರೆ ನೋಡಿದ್ದೀರಿ ತಾನೆ?" ಅಂದರು. ಟೈಲರಿಗೆ ಸುಳ್ಳು ಹೇಳಲು ಬರುವುದಿಲ್ಲ. ನೋಡಿದ್ದು ನಿಜ. ಕನ್ನಡಕ ಒರೆಸಿಕೊಂಡು ರುಜು ಹಾಕಿದರು.

ಟೈಲರಮ್ಮ ಎರಡು ಕಲ್ಲುಗಳ ನಡುವೆ, ಮರದ ಪೂರ್ವಕ್ಕೆ, ಎಷ್ಟೋ ಸಲ ಕಾಲಿನಿಂದ ಗೆರೆ ಎಳೆದು ನೋಡಿದ್ದ ಜಾಗದಲ್ಲಿ ನಿಂತಿದ್ದರು. ಎಮ್ಮೆಗಳು ಸಾಲಾಗಿ ಬಂದವು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ" ಅಂದಳು ಹಾಲಿನಕ್ಕ. ಕೆಟ್ಟ ಮನಸ್ಸಿನವಳೇನಲ್ಲ. "ಯಾವಾಗ ಬೇಕಾದ್ರೂ ಬಂದು ನನ್ನ ದಾರೀಲಿ ಕೂತು ಬುತ್ತಿ ಉಣ್ಣಿ. ನಾನು ಬೇಡ ಅನ್ನಲ್ಲ. ಈಗ ಒಂಚೂರು ಸರೀರಿ, ಎಮ್ಮೆ ಹೋಗ್ಲಿ."

ಟೈಲರಮ್ಮ ತಮ್ಮ ಅಡುಗೆಮನೆಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಎಮ್ಮೆಗಳಿಗೆ ದಾರಿ ಬಿಟ್ಟರು.