ಉಸಿರಿನ ಮೇಲೆ ಕೊಸರು

ಸೂರಪ್ಪ ಒಂದು ಸಣ್ಣ ಸುಳ್ಳು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮೊಳಕಾಲ್ಮೂರಿನ ಔಷಧಾಲಯದಲ್ಲಿ ಅವನು ಮೂರು ವರ್ಷದಿಂದ ಹಂಗಾಮಿ ಕಂಪೌಂಡರ್. ಚಳ್ಳಕೆರೆಯಿಂದ ಬಂದಿದ್ದ ಡಾಕ್ಟರು ಆ ದಿನ ಬೆಳಿಗ್ಗೆ ಜಗಲಿಯ ಮೇಲೆ ಒಂದು ತಗಡಿನ ಯಂತ್ರ ಇಳಿಸಿ, "ಕಾಯಿಲೆ ಇಲ್ಲದ ಹನ್ನೆರಡು ಮಕ್ಕಳ ಕೈಲಿ ಇದನ್ನು ಊದಿಸಿ ಅಳತೆ ಬರೆದಿಡು. ಸರಿಯಾಗಿದ್ದರೆ ನಿನ್ನ ಕೆಲಸ ಕಾಯಂ," ಎಂದು ಹೇಳಿ ಹಳ್ಳಿ ಸುತ್ತಲು ಹೊರಟರು.

ನೀರು ತುಂಬಿದ ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಬೋರಲಾಗಿ ಕೂತಿತ್ತು. ರಬ್ಬರು ಕೊಳವೆಯಲ್ಲಿ ಊದಿದರೆ ಅದು ಎಣ್ಣೆಗೆ ಬಿಟ್ಟ ವಡೆಯ ಹಾಗೆ ತೇಲಿ ಏಳುತ್ತಿತ್ತು. ಅದರ ಮೈಮೇಲೆ ಕೊರೆದ ಅಳತೆಯ ಗೀಟು ಎಷ್ಟು ಎದ್ದಿತೋ ಎದೆಯಲ್ಲಿ ಅಷ್ಟು ಉಸಿರು.

ಮೊದಲು ಬಂದವನು ಎದುರು ಮನೆ ಹುಚ್ಚಕ್ಕನ ಏಳು ವರ್ಷದ ಮಗ. ಊದಿದ. ಡಬ್ಬಿ ಹತ್ತು ಗೀಟು ಎದ್ದು ನಿಂತಿತು.

"ಅದ್ರೊಳಗೇನೈತೆ ಸೂರಪ್ಪನೋರೇ?" ಎಂದಳು ಹುಚ್ಚಕ್ಕ.

ಬರೀ ಗಾಳಿ ಎಂದಿದ್ದರೆ ಮುಗಿಯುತ್ತಿತ್ತು. ತಪ್ಪು ಹೇಳಬಾರದಲ್ಲ ಎಂದು ಸೂರಪ್ಪ ಎರಡು ಸಲ ಯೋಚಿಸಿ, "ನಿಮ್ಮ ಹುಡುಗನ ಉಸಿರು ಕಣಮ್ಮ," ಎಂದ.

"ಅಂಗಾರೆ ವಾಪಸ್ ಕೊಡ್ರಿ."

"ಅದ್ಯಾಕಮ್ಮ? ಬೇರೆ ಎಳ್ಕಂತಾನೆ ಬಿಡು."

"ಬೇರೇದು ಯಾಕ್ರಿ ಎಳ್ಕಬೇಕು? ಅವಂದು ನಿಮ್ಮ ಡಬ್ಬ್ಯಾಗೈತೆ."

ಸರದಿಗಾಗಿ ಜಗಲಿಯ ಮೇಲೆ ಕಾದಿದ್ದ ತಾಯಂದಿರು ಆಗಲೇ ಮಕ್ಕಳ ರೆಟ್ಟೆ ಹಿಡಿದು ಮನೆಯ ಕಡೆ ತಿರುಗಿದ್ದರು. ಅವರ ಹಿಂದೆಯೇ ಕಾಯಂ ಕೆಲಸವೂ ಹೊರಟಂತೆ ಸೂರಪ್ಪನಿಗೆ ಕಂಡಿತು. ಗಡಬಡಿಸಿ ಕೊಳವೆಯನ್ನು ಹುಡುಗನ ಬಾಯಿಗೇ ಕೊಟ್ಟ. ಹುಡುಗ ಹೀರಿದ. ಡಬ್ಬಿ ತಳ ಮುಟ್ಟಿತು.

"ಕೊಸರು?" ಎಂದಳು ಹುಚ್ಚಕ್ಕ.

"ಉಸಿರಿಗೆಂಥ ಕೊಸರಮ್ಮ?"

"ಒಂದು ಸೇರು ನವಣೆ ಕಡ ತಂದ್ರೆ, ತಿರುಗಿ ಕೊಡುವಾಗ ಮ್ಯಾಲೊಂದು ಹಿಡಿ ಹಾಕಲ್ವಾ? ನವಣೆಗಿರೋ ಮರ್ಯಾದಿ ನನ್ನ ಮಗನ ಉಸಿರಿಗಿಲ್ವಾ?"

ಎಲ್ಲ ತಾಯಂದಿರೂ ತಲೆಯಾಡಿಸಿದರು. ಸೂರಪ್ಪ ತನ್ನ ಎದೆಯಿಂದ ಎರಡು ಗೀಟು ಊದಿಕೊಟ್ಟ. ಹುಡುಗ ಅದನ್ನೂ ಹೀರಿ ತೇಗಿದ.

ಯರ್ರಮ್ಮ ತನ್ನ ಮಗಳಿಗೆ ಮೂರು ಗೀಟು ಕೇಳಿದಳು. ಹೆಣ್ಣುಮಗು, ನಾಳೆ ಅತ್ತೆ ಮನೆಯಲ್ಲಿ ಒಲೆ ಊದಬೇಕಲ್ಲ. ಕೊಲ್ಲಾಪುರಮ್ಮ ಅವಳಿ ಮಕ್ಕಳನ್ನು ತಂದು ಐದೈದು ಎಂದಳು. ಬಿಸಿಲು ಏರಿದಂತೆ ಕೊಸರೂ ಏರಿತು. ಹನ್ನೆರಡನೆಯ ಮಗುವಿನ ಹೊತ್ತಿಗೆ ಸೂರಪ್ಪನ ಎದೆ ಕಮ್ಮಾರನ ಹರಿದ ತಿದಿಯಂತೆ ಕುಯ್ಯೆನ್ನುತ್ತಿತ್ತು.

ಪಕ್ಕದ ಮನೆಯ ಮುದುಕ ಬೊಮ್ಮಲಿಂಗಪ್ಪ ಗೂರಲು ಕೆಮ್ಮುತ್ತ ಬಂದ. "ಲೇ ಸೂರಪ್ಪ, ಹೆಂಗೂ ಹಂಚ್ತಾ ಇದೀಯ. ನನಗೂ ನಾಕು ಗೀಟು ಹಾಕಲೇ."

"ನಿಮ್ಮ ಹತ್ರ ಇಸ್ಕಂಡೇ ಇಲ್ವಲ್ಲ ತಾತ."

"ಬರೀ ಕೊಸರು ಸಾಕು ಬಿಡಪ್ಪ."

ಅದನ್ನೂ ಊದಿದ್ದಾಯಿತು.

ಸಂಜೆ ಡಾಕ್ಟರು ಬಂದು ಅಳತೆ ನೋಡಿ ಬೆನ್ನು ತಟ್ಟಿದರು. ತಟ್ಟಿದ ರಭಸಕ್ಕೆ ಸೂರಪ್ಪ ಗೋಡೆ ಹಿಡಿದುಕೊಂಡ.

"ಇನ್ನು ಒಂದೇ ಬಾಕಿ. ಕಾಯಂ ಆಗುವವನ ಎದೆಯೂ ಗಟ್ಟಿ ಇರಬೇಕು, ಅದು ನಿಯಮ. ಊದಪ್ಪ."

ಸೂರಪ್ಪ ಊದಿದ. ಡಬ್ಬಿ ಮಿಸುಕಲಿಲ್ಲ. ಕಣ್ಣು ಮುಚ್ಚಿ ಮತ್ತೆ ಊದಿದ. ಅರ್ಧ ಗೀಟು ಎದ್ದು, ನಾಚಿಕೊಂಡಂತೆ ಕೂತುಬಿಟ್ಟಿತು.

ಡಾಕ್ಟರ ಮುಖ ಸಣ್ಣದಾಯಿತು. "ಏಳು ವರ್ಷದ ಹುಡುಗನದು ಹತ್ತು, ನಿನ್ನದು ಅರ್ಧ. ನಾಳೆ ಬೆಳಿಗ್ಗೆ ಯಂತ್ರ ತಗೊಂಡು ಚಳ್ಳಕೆರೆಗೆ ಹೋಗ್ತೀನಿ. ಅದಕ್ಕೆ ಮುಂಚೆ ಇನ್ನೊಂದು ಸಲ ನೋಡೋಣ. ಹೀಗೇ ಇದ್ದರೆ ಹಂಗಾಮಿ ಕೆಲಸವೂ ಕಷ್ಟ." ಅವರು ಹೊರಟುಹೋದರು.

ಸೂರಪ್ಪ ಕುಸಿದು ಕೂತ. ಕೆಲಸ ಏನಾಯಿತೆಂದು ನೋಡಲು ಮಕ್ಕಳೊಂದಿಗೆ ಬಂದು ನಿಂತಿದ್ದ ತಾಯಂದಿರ ನಡುವಿನಿಂದ ಹುಚ್ಚಕ್ಕ ಮುಂದೆ ಬಂದಳು. "ಪಾಪ, ಇದ್ದಿದ್ದನ್ನೆಲ್ಲ ನಮ್ಮ ಮಕ್ಕಳಿಗೇ ಸುರಿದವ್ರೆ. ಬರ್ರೋ ಎಲ್ಲ, ಒಂದೊಂದು ಊದು ಊದ್ರಿ."

ಹನ್ನೆರಡು ಮಕ್ಕಳೂ ಸಾಲಾಗಿ ನಿಂತು ಊದಿದರು. ಡಬ್ಬಿ ಕೊನೆಯ ಗೀಟಿನ ತನಕ ಏರಿತು. ಸೂರಪ್ಪ ಕಣ್ಣೊರೆಸಿಕೊಂಡು ಒಂದು ಗುಟುಕೂ ಬಿಡದೆ ಹೀರಿದ. ಎದೆ ಹಗುರವಾದಂತಾಯಿತು. ನಾಳೆ ಹನ್ನೆರಡು ಗೀಟಿಗೆ ಮೋಸವಿಲ್ಲ ಎಂದುಕೊಂಡ.

ಮಗನ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಹುಚ್ಚಕ್ಕ ತಿರುಗಿ ನೋಡಿದಳು.

"ಸೂರಪ್ಪನೋರೇ, ಡಾಕ್ಟ್ರು ಯಂತ್ರ ತಗಂಡು ಹೋಗ್ತಾರಂತಲ್ಲ. ಬೆಳಿಗ್ಗೆ ಅವರು ಬರಾದ್ರೊಳಗೇ ಬರ್ತೀವಿ, ಊದಿ ತೀರಿಸಿಬಿಡ್ರಿ. ಹನ್ನೆರಡು ಮಕ್ಕಳ ಕಡ ಐತೆ, ಕೊಸರು ಮರೀಬ್ಯಾಡ್ರಿ."