ಒತ್ತಕ್ಷರ ನುಂಗಿದ ರಾಜ ಚಿಪ್

ಪಾಸ್‌ವರ್ಡ್ ಮರೆತವರನ್ನು ಗಡೀಪಾರು ಮಾಡುತ್ತಿದ್ದ ಕಾಲದಲ್ಲಿ, ಅಂದರೆ ಬಹಳ ಹಿಂದೆಯೇ ಅನ್ನಿ, ತಂತ್ರಾವತಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಪ್ರಚಂಡವರ್ಮ ಮಹಾರಾಜರು ಒಂದು ಕಂಪ್ಯೂಟರ್ ಕಾರ್ಖಾನೆಯ ಮಾಲೀಕರೂ ಹೌದು. ಪ್ರಜೆಗಳು ಅರಮನೆಯ ಕಂಪ್ಯೂಟರನ್ನಲ್ಲದೆ ಬೇರೆಯದನ್ನು ಮುಟ್ಟುವಂತಿರಲಿಲ್ಲ.

ಕೋಟೆಬಾಗಿಲ ಬಳಿ ಪುಟ್ಟಸಿದ್ದಮ್ಮ ಎಂಬಾಕೆ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟಿದ್ದಳು. ಒಂದು ಹಳೆಯ ಕಂಪ್ಯೂಟರು, ಅದರೊಳಗೆ ಅವಳ ಕೈಗೆ ಒಗ್ಗಿದ ಕನ್ನಡ ತಂತ್ರಾಂಶ. ಇಷ್ಟರಲ್ಲೇ ಅವಳ ಸಂಸಾರ ಸಾಗುತ್ತಿತ್ತು.

ಹೀಗಿರಲಾಗಿ ಮಹಾರಾಜರು ಒಂದು ಬೆಳಗ್ಗೆ ತಮ್ಮ ಕಂಪ್ಯೂಟರನ್ನು ಸವರುತ್ತಾ ಕೂತಿದ್ದಾಗ, ರಾಜಲಾಂಛನಕ್ಕಿಂತ ದೊಡ್ಡದೊಂದು ಸ್ಟಿಕ್ಕರ್ ಅದರ ಪಕ್ಕದಲ್ಲೇ ಮಿನುಗುವುದನ್ನು ಕಂಡರು. ಒಳಗಿನ ಚಿಪ್ ಕಡಲಾಚೆಯ ವರ್ತಕರದು, ಸ್ಟಿಕ್ಕರೂ ಅವರದೇ ಎಂದು ತಂತ್ರಜ್ಞಾನ ಸಚಿವ ಹೊಗಳೇಶ್ವರ ಅರಿಕೆ ಮಾಡಿದ. ಮಹಾರಾಜರಿಗೆ ಊಟ ಸೇರಲಿಲ್ಲ. ಸಂಜೆಯೊಳಗೆ ಡಂಗುರ ಸಾರಿಸಿದರು: ಇನ್ನು ಮೇಲೆ ಸಕಲ ಕಂಪ್ಯೂಟರುಗಳಲ್ಲೂ ರಾಜ ಚಿಪ್. ಹಳೆಯದನ್ನು ಅರಮನೆಗೆ ಒಪ್ಪಿಸಿ ಹೊಸದನ್ನು ಕೊಳ್ಳತಕ್ಕದ್ದು.

ನ್ಯಾಯವಾಗಿ ಹೇಳಬೇಕೆಂದರೆ ಹೊಸ ಚಿಪ್ ಕೆಟ್ಟದ್ದೇನಲ್ಲ. ಬಿಸಿಯಾಗುತ್ತಿರಲಿಲ್ಲ, ಫ್ಯಾನಿನ ಗೊರಗೊರ ಇರಲಿಲ್ಲ, ಒಮ್ಮೆ ಚಾರ್ಜು ಮಾಡಿದರೆ ಹಬ್ಬದಿಂದ ಹಬ್ಬಕ್ಕೆ ಬರುತ್ತಿತ್ತು. ಹಳೆಯ ತಂತ್ರಾಂಶಗಳ ಮಾತು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ಅದಕ್ಕೆಂದೇ ನಡುವೆ ದುಭಾಷಿ ಎಂಬ ತಂತ್ರಾಂಶವನ್ನು ಕೂರಿಸಿದ್ದರು. ದುಭಾಷಿ ಎಲ್ಲವನ್ನೂ ಅನುವಾದಿಸುತ್ತಿತ್ತು, ಒತ್ತಕ್ಷರವೊಂದನ್ನು ಬಿಟ್ಟು.

ಹಳೆಯದನ್ನು ಒಪ್ಪಿಸಿ ಹೊಸದನ್ನು ಕೊಂಡಿದ್ದ ಪುಟ್ಟಸಿದ್ದಮ್ಮನಿಗೆ ಇದು ತಿಳಿದದ್ದು ನೀಲಾಂಬಿಕೆ ಎಂಬಾಕೆಯ ಮಗಳ ಮದುವೆಯಾದ ಮೇಲೆ. ಗಂಡಿನ ತಂದೆ ಸೊಸೆಗೆ ಏನು ಕೊಡುತ್ತಾನೆಂದು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸುವುದು ಅಲ್ಲಿಯ ಪದ್ಧತಿ. ಬೀಗರು ಒಪ್ಪಿಕೊಂಡದ್ದು ಒಂದು ಗದ್ದೆ. ಪರದೆಯ ಮೇಲೆ ಗದ್ದೆಯೇ ಕಂಡಿತ್ತು. ಅಚ್ಚಾಗಿ ಬಂದದ್ದು ಗದೆ. ಮುಹೂರ್ತ ಮುಗಿದೊಡನೆ ಬೀಗರು ನಗುನಗುತ್ತಾ ಸೊಸೆಯ ಕೈಗೆ ತಗಡಿನ ಗದೆಯೊಂದನ್ನು ಕೊಟ್ಟರು. ಅರಮನೆಯ ಯಂತ್ರ ಬರೆದದ್ದೇ ಸತ್ಯವೆಂದು ಪಂಚರೂ ತೀರ್ಪಿತ್ತರು.

ಮರುದಿನ ನೀಲಾಂಬಿಕೆ ಆ ಗದೆಯೊಂದಿಗೆ ಅಂಗಡಿಗೆ ಬಂದಳು. ಮಗಳು ಇದರಲ್ಲಿ ಭತ್ತ ಬೆಳೆಯಬೇಕೋ ಕುಟ್ಟಬೇಕೋ ಎಂದಷ್ಟೇ ಕೇಳಿದಳು. ಪುಟ್ಟಸಿದ್ದಮ್ಮ ಅರಮನೆಯ ಸಹಾಯವಾಣಿಗೆ ಫೋನು ಮಾಡಿದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬಂತು. ಮಾಡಿದಳು. ಗದೆ ಗದೆಯಾಗಿಯೇ ಉಳಿಯಿತು. ಕೊನೆಗೆ ಅದನ್ನು ಹೆಗಲ ಮೇಲಿಟ್ಟುಕೊಂಡು ನೇರ ಅರಮನೆಗೆ ನಡೆದಳು.

ತನ್ನ ಗೋಳನ್ನು ಯಾರೂ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಮಹಾರಾಜರ ಹೆಸರನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿ ತಂದಿದ್ದಳು. ಮಹಾರಾಜರು ಹಾಳೆ ಹಿಡಿದು ಓದಿದರು: "ಪಚಂಡವಮ."

ಹೊಗಳೇಶ್ವರನ ತಲೆ ಹೋಯಿತೆಂದೇ ಪುಟ್ಟಸಿದ್ದಮ್ಮ ಅಂದುಕೊಂಡಳು. ಅವಳಿಗೆ ಅಯ್ಯೋ ಅನಿಸಿತು ಕೂಡ.

ಹೊಗಳೇಶ್ವರ ಮಾತ್ರ ಕೈಮುಗಿದು ಹೇಳಿದ: "ಪ್ರಭು, ತಮ್ಮ ನಾಮಧೇಯ ಎಷ್ಟು ಸ್ಲಿಮ್ ಆಗಿದೆ ನೋಡಿ. ಒತ್ತೇ ಇಲ್ಲದ ಮೇಲೆ ಪ್ರಜೆಗಳಿಗೆ ಒತ್ತಡವಾದರೂ ಎಲ್ಲಿಂದ ಬರಬೇಕು? ಇದು ದೋಷವಲ್ಲ, ಫೀಚರ್."

ಮಹಾರಾಜರು ಹೊಟ್ಟೆಯನ್ನು ಒಳಗೆಳೆದುಕೊಂಡು ಕನ್ನಡಿ ನೋಡಿಕೊಂಡರು. ನಿಜಕ್ಕೂ ತೆಳ್ಳಗಾದಂತೆ ಕಂಡಿತು. ತಕ್ಷಣ ಆಜ್ಞೆ ಹೊರಟಿತು: ಇಂದಿನಿಂದ ತಂತ್ರಾವತಿಯಲ್ಲಿ ಒತ್ತಕ್ಷರ ರದ್ದು, ಬರಹದಲ್ಲೂ ಬಾಯಲ್ಲೂ. ಹೊಗಳೇಶ್ವರನನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ನೀಲಾಂಬಿಕೆಯ ಮಗಳ ಗದೆ ರಾಜ ವಸ್ತುಸಂಗ್ರಹಾಲಯಕ್ಕೆ ಜಪ್ತಿಯಾಯಿತು.

ಆ ವಾರ ಪುಟ್ಟಸಿದ್ದಮ್ಮ ಪಡಿತರದ ಅಂಗಡಿಗೆ ಹೋದಳು. ಅಕ್ಕಿ ಕೇಳಿದಳು. ಅಂಗಡಿಯವನು ಪರದೆ ನೋಡಿ, ಅಂಥ ಪದಾರ್ಥ ಯಂತ್ರದಲ್ಲಿಲ್ಲ ಎಂದ. ಹಿಂದೆ ನಿಂತವರು ಗೊಣಗತೊಡಗಿದರು. ಅವಳು ಸುತ್ತ ನೋಡಿ, ನಾಲಿಗೆಯನ್ನು ಮೆದು ಮಾಡಿಕೊಂಡು, "ಅಕಿ" ಎಂದಳು.

ಅವನು ಸಂತೋಷದಿಂದ ಅಳೆದುಕೊಟ್ಟ. ಒತ್ತು ಹೋದ ಲೆಕ್ಕಕ್ಕೆ ಸರಿಯಾಗಿ ಅಳತೆಯೂ ಅರ್ಧವಾಗಿತ್ತು. ಪುಟ್ಟಸಿದ್ದಮ್ಮ ಚೀಲವನ್ನು ಒಂದೇ ಬೆರಳಿಗೆ ಸಿಕ್ಕಿಸಿಕೊಂಡು ಮನೆಗೆ ಹೋದಳು.